ತೋಟದ ಮಳೆ ಪುಸ್ತಕ ಟೈಮ್ ಸೀರೀಸ್ ಆಗಲು ಒಪ್ಪುತ್ತಿಲ್ಲ: ದಿನಾಂಕದಲ್ಲೂ ಟೈಪ್ ಎರರ್, ಮಳೆಯಲ್ಲೂ ಟೈಪ್ ಎರರ್

ತೋಟದ ಲೆಕ್ಕ, ಮೂಡಿಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದ ಲೆಕ್ಕಪತ್ರವನ್ನು ನೋಡಿಕೊಳ್ಳುವವಳು ನಾನು. ಪೈಥಾನ್ ಕಲಿಯಲು ಕುಳಿತು ಎಂಟು ತಿಂಗಳಾಗಿದೆಯಷ್ಟೇ. ತೋಟದ ರೈಟರು, ಅಂದರೆ ಗುಮಾಸ್ತರು, ದಿನವೂ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದುಕೊಂಡು, ಅನಂತರ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆಗೆ ಏರಿಸುತ್ತಾರೆ. 2018ರ ಜನವರಿ 1ರಿಂದ 2023ರ ಡಿಸೆಂಬರ್ 31ರವರೆಗಿನ ಲೆಕ್ಕ ಒಂದೇ ಹಾಳೆಯಲ್ಲಿದೆ, ದಿನಕ್ಕೊಂದು ಸಾಲು. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಎಂದು ಬಿತ್ತು, ಅದರ ಬೆನ್ನಿಗೆ ಬೇಕಾಗುವ ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು, ಮುಂಗಾರಿನ ತಿಂಗಳವಾರು ಮೊತ್ತವೆಷ್ಟು ಎಂಬುದನ್ನು ಪೈಥಾನಿನ ದತ್ತಾಂಶ ಲೈಬ್ರರಿಯಾದ ಪಾಂಡಾಸ್‌ನಲ್ಲಿ ತೆಗೆಯುವುದು ನನ್ನ ಉದ್ದೇಶ. ಫೋನಿನಿಂದ ಬರೆಯುತ್ತಿರುವುದರಿಂದ ಕೋಡನ್ನು ಅಂಟಿಸದೆ ಮಾತಿನಲ್ಲೇ ಹೇಳುತ್ತೇನೆ.

ರೀಡ್ ಎಕ್ಸೆಲ್‌ನಿಂದ ಹಾಳೆಯನ್ನು ಓದಿ, ದಿನಾಂಕದ ಕಾಲಂ ಅನ್ನು ಇಂಡೆಕ್ಸ್ ಮಾಡಿ, ತಿಂಗಳವಾರು ರಿಸ್ಯಾಂಪಲ್ ಮಾಡಲು (ದಿನದ ಬೆಲೆಗಳನ್ನು ತಿಂಗಳಿಗೆ ಒಟ್ಟುಗೂಡಿಸಲು) ಹೋದಾಗ ಟೈಪ್ ಎರರ್, ಅಂದರೆ ದತ್ತಾಂಶದ ಬಗೆ ಹೊಂದುತ್ತಿಲ್ಲ ಎಂಬ ದೋಷ, ಬಂತು. ಡೇಟ್‌ಟೈಮ್ ಇಂಡೆಕ್ಸ್, ಟೈಮ್‌ಡೆಲ್ಟಾ ಇಂಡೆಕ್ಸ್ ಅಥವಾ ಪೀರಿಯಡ್ ಇಂಡೆಕ್ಸ್ ಇದ್ದರೆ ಮಾತ್ರ ಈ ಕೆಲಸ ಸಾಧ್ಯ, ನೀವು ಕೊಟ್ಟಿರುವುದು ಬರಿಯ ಇಂಡೆಕ್ಸ್ ಎಂಬುದು ಅದರ ಸಾರ. ದಿನಾಂಕದ ಕಾಲಂನಲ್ಲಿ ಪ್ರತಿ ಸೆಲ್ಲಿನ ಟೈಪ್ ಏನೆಂದು ಎಣಿಸಿ ನೋಡಿದೆ: 864 ಸೆಲ್ಲುಗಳು ಡೇಟ್‌ಟೈಮ್, 1326 ಸೆಲ್ಲುಗಳು ಸ್ಟ್ರಿಂಗ್, ಅಂದರೆ ಬರಿಯ ಬರಹ. ಟು ಡೇಟ್‌ಟೈಮ್ ಫಂಕ್ಷನ್ನಿಗೆ, ದಿನ ಮೊದಲು ಎಂಬರ್ಥದಲ್ಲಿ, ಡೇ ಫಸ್ಟ್ ಟ್ರೂ ಎಂದು ಕೊಟ್ಟ ಮೇಲೆ ಆ ಎರರ್ ಹೋಯಿತು.

ಮುಂದೆ ಮೊತ್ತ ಹಾಕುವಾಗ ಫ್ಲೋಟ್ (ದಶಮಾಂಶ ಸಂಖ್ಯೆ) ಮತ್ತು ಸ್ಟ್ರಿಂಗ್‌ಗಳನ್ನು ಕೂಡಲಾಗದು ಎಂದು ಇನ್ನೊಂದು ಟೈಪ್ ಎರರ್ ಬಂತು. ಎಲ್ಲರೂ ಹೇಳುವಂತೆ, ಸಂಖ್ಯೆಗೆ ತಿರುಗಿಸುವ ಟು ನ್ಯೂಮೆರಿಕ್‌ಗೆ ಎರರ್ಸ್ ಕೊಯರ್ಸ್ ಎಂದು ಕೊಟ್ಟೆ. ಕೋಡ್ ಓಡಿತು, ಗ್ರಾಫ್ ಕೂಡ ಬಂತು. ಆದರೆ 2019ರ ಜನವರಿ 7ರಂದು 3.2 ಇಂಚು ಮಳೆ ಸುರಿದಂತೆ ಗ್ರಾಫಿನಲ್ಲಿ ಕಾಣುತ್ತಿದೆ. ಆ ದಿನ ಕಣದಲ್ಲಿ ಕಾಫಿ ಒಣಗುತ್ತಿತ್ತು, ಹನಿ ನೀರೂ ಬಿದ್ದಿಲ್ಲ. 2020ರಿಂದ ಈಚೆಗೆ ಪ್ರತಿ ಜುಲೈ ತಿಂಗಳ ಮೊತ್ತ 0 ಎಂದು ಬರುತ್ತಿದೆ. ಮೂಡಿಗೆರೆಯಲ್ಲಿ ಜುಲೈ ಒಣಗಿ ಹೋಯಿತೆಂದರೆ ನಂಬುವವರು ಯಾರು? ಹಾಳೆಯ ಮಳೆ ಕಾಲಂನಲ್ಲಿ ಅಲ್ಲಲ್ಲಿ ಫೆಬ್-35, 10-ಜನ್ ಎಂಬಂಥ ವಿಚಿತ್ರ ಬರಹಗಳೂ ಇವೆ. ಎಲ್ಲಿಂದ ಸರಿಪಡಿಸುತ್ತಾ ಬರಬೇಕೆಂದು ದಯವಿಟ್ಟು ತಿಳಿಸಿ.


ಪಾಠದ ಮೇಜು, ಹಾಸನ

ಮೇಡಂ, ನೀವು ಬರೆದಿರುವ 864 ಎಂಬ ಒಂದು ಸಂಖ್ಯೆಯಲ್ಲೇ ಮೊದಲ ತೊಂದರೆಯ ಗುಟ್ಟು ಅಡಗಿದೆ. 864 ಎಂದರೆ 6 ಸಲ 144, 144 ಎಂದರೆ 12 ಸಲ 12. ಹನ್ನೆರಡು ತಿಂಗಳುಗಳಲ್ಲಿ ತಲಾ ಮೊದಲ ಹನ್ನೆರಡು ದಿನಗಳು ಮಾತ್ರ ಡೇಟ್‌ಟೈಮ್ ಆಗಿ, 13ನೆಯ ತಾರೀಖಿನಿಂದ ಮುಂದಿನವೆಲ್ಲ ಸ್ಟ್ರಿಂಗ್ ಆಗಿ ಉಳಿದಿವೆ. ಇದರ ಅರ್ಥ, ಆಫೀಸಿನ ಲ್ಯಾಪ್‌ಟಾಪಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದೆ, ಅಂದರೆ ಅದು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಓದುತ್ತದೆ. ರೈಟರು 05-06-2019 ಎಂದು ಜೂನ್ 5ನ್ನು ಬರೆದಾಗ ಎಕ್ಸೆಲ್ ಅದನ್ನು ಮೇ 6 ಎಂದು ಅರ್ಥೈಸಿ ದಿನಾಂಕವಾಗಿಯೇ ಇಟ್ಟುಕೊಂಡಿತು. 13-06-2019 ಎಂದು ಬರೆದಾಗ ಹದಿಮೂರನೆಯ ತಿಂಗಳು ಇಲ್ಲದ ಕಾರಣ ಬರಿಯ ಅಕ್ಷರಗಳೆಂದು ಬಿಟ್ಟುಬಿಟ್ಟಿತು. ಹಾಳೆಯನ್ನು ತೆರೆದು ನೋಡಿ: ಯಾರೂ ಅಲೈನ್‌ಮೆಂಟ್ ಬದಲಿಸಿಲ್ಲದಿದ್ದರೆ, ಪ್ರತಿ ತಿಂಗಳ ಮೊದಲ ಹನ್ನೆರಡು ದಿನಾಂಕಗಳು ಸೆಲ್ಲಿನ ಬಲಗಡೆಗೂ ಉಳಿದವು ಎಡಗಡೆಗೂ ಆತುಕೊಂಡಿರುತ್ತವೆ.

ಕಣ್ಣಿಗೆ ಮಾತ್ರ ಯಾವ ದೋಷವೂ ಕಾಣುವುದಿಲ್ಲ, ಏಕೆಂದರೆ ಮೇ 6 ಎಂದು ಒಳಗೆ ಇಟ್ಟುಕೊಂಡದ್ದನ್ನು ಅದೇ ಲ್ಯಾಪ್‌ಟಾಪ್ ಹೊರಗೆ 5/6/2019 ಎಂದೇ ತೋರಿಸುತ್ತದೆ, ರೈಟರು ಅದನ್ನು ಜೂನ್ 5 ಎಂದೇ ಓದಿಕೊಳ್ಳುತ್ತಾರೆ. ಪಾಂಡಾಸ್ ಮಾತ್ರ ಒಳಗಿನದನ್ನು ಓದುತ್ತದೆ. ಡೇ ಫಸ್ಟ್ ಎಂಬ ಸೂಚನೆ ಸ್ಟ್ರಿಂಗ್‌ಗಳಿಗಷ್ಟೇ ಅನ್ವಯಿಸುತ್ತದೆ. ಆಗಲೇ ಡೇಟ್‌ಟೈಮ್ ಆಗಿರುವ 864 ಸೆಲ್ಲುಗಳನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಎರರ್ ಹೋಯಿತೇ ಹೊರತು ತಪ್ಪು ಹೋಗಲಿಲ್ಲ. ಜನವರಿ 1, ಫೆಬ್ರವರಿ 2 ಎಂಬಂತೆ ದಿನ ಮತ್ತು ತಿಂಗಳು ಒಂದೇ ಆಗಿರುವ ಹನ್ನೆರಡು ದಿನಗಳು ಅದೃಷ್ಟದಿಂದ ಸರಿಯಾಗಿವೆ, ಉಳಿದಂತೆ ವರ್ಷಕ್ಕೆ 132 ದಿನಗಳ ಮಳೆ ಬೇರೆ ತಿಂಗಳಿಗೆ ಹೋಗಿ ಕುಳಿತಿದೆ. ನಿಮ್ಮ ಜನವರಿ 7ರ 3.2 ಇಂಚು ನಿಜವಾಗಿ ಜುಲೈ 1ರ ಮಳೆ. ಅಂದು ಕಣದಲ್ಲಿ ಕಾಫಿ ಒಣಗುತ್ತಿತ್ತೆಂಬ ನೆನಪು ನಿಮಗೆ ಇಲ್ಲದಿದ್ದರೆ ಇದು ಬಯಲಾಗುತ್ತಲೇ ಇರಲಿಲ್ಲ.

ಸರಿಪಡಿಸುವಾಗ ಎರಡು ಗುಂಪುಗಳನ್ನು ಬೇರೆಬೇರೆಯಾಗಿಯೇ ನಡೆಸಿಕೊಳ್ಳಿ. ಡೇಟ್‌ಟೈಮ್ ಆಗಿರುವ ಪ್ರತಿ ಸೆಲ್ಲಿಗೆ ವರ್ಷವನ್ನು ಹಾಗೆಯೇ ಇಟ್ಟು, ಅದರ ದಿನವನ್ನು ತಿಂಗಳಾಗಿಯೂ ತಿಂಗಳನ್ನು ದಿನವಾಗಿಯೂ ಕೊಟ್ಟು ಹೊಸ ಟೈಮ್‌ಸ್ಟ್ಯಾಂಪ್ ಮಾಡಿ. ಎರಡೂ 12ರೊಳಗೇ ಇರುವುದರಿಂದ ಈ ಅದಲುಬದಲು ಎಂದಿಗೂ ಎಡವುವುದಿಲ್ಲ. ಸ್ಟ್ರಿಂಗ್‌ಗಳಿಗೆ ಹಿಂದೆಮುಂದಿನ ಖಾಲಿ ಜಾಗವನ್ನು ಸ್ಟ್ರಿಪ್‌ನಿಂದ ತೆಗೆದು, ಟು ಡೇಟ್‌ಟೈಮ್‌ಗೆ ಫಾರ್ಮ್ಯಾಟ್ ಅನ್ನು ಸ್ಪಷ್ಟವಾಗಿ ಕೊಡಿ: ಪ್ರತಿಯೊಂದಕ್ಕೂ ಮುಂಚೆ ಶೇಕಡಾ ಚಿಹ್ನೆ, ನಡುವೆ ಅಡ್ಡಗೆರೆ ಇಟ್ಟು ಸಣ್ಣಕ್ಷರದ ಡಿ, ಸಣ್ಣಕ್ಷರದ ಎಂ, ದೊಡ್ಡಕ್ಷರದ ವೈ. ದೊಡ್ಡಕ್ಷರದ ಎಂ ಬರೆದರೆ ಅದು ನಿಮಿಷವಾಗುತ್ತದೆ, ತಿಂಗಳು ಸಿಗದೆ ಎಲ್ಲವೂ ಜನವರಿಗೆ ಹೋಗುತ್ತವೆ, ಎರರ್ ಕೂಡ ಬರುವುದಿಲ್ಲ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಈ ಗುಂಡಿಗೆ ಬೀಳುತ್ತಾರೆ. ಓದುವಾಗಲೇ, ಎಲ್ಲವನ್ನೂ ಬರಹವಾಗಿಯೇ ತೆಗೆದುಕೊ ಎಂಬರ್ಥದಲ್ಲಿ, ಡಿಟೈಪ್ ಸ್ಟ್ರಿಂಗ್ ಎಂದು ಕೊಟ್ಟರೆ ಆಗದೇ ಎಂದು ನಿಮಗೆ ಅನ್ನಿಸಬಹುದು. ಆಗುವುದಿಲ್ಲ. ಎಕ್ಸೆಲ್ ಸೆಲ್ಲಿನೊಳಗೆ ಈಗಾಗಲೇ ಮೇ 6 ಇರುವುದರಿಂದ ಮೇ 6ರದೇ ಸ್ಟ್ರಿಂಗ್ ನಿಮ್ಮ ಕೈಗೆ ಬರುತ್ತದೆ.

ಎರಡನ್ನೂ ಸೇರಿಸಿದ ಮೇಲೆ ಒಂದು ಪರೀಕ್ಷೆ ಕಡ್ಡಾಯ. ಹಾಳೆಯಲ್ಲಿ ಸಾಲುಗಳು ಪುಸ್ತಕದ ಕ್ರಮದಲ್ಲೇ ಇರುವುದರಿಂದ, ದಿನಾಂಕದ ಕಾಲಂಗೆ, ಹಿಂದಿನ ಸಾಲಿನೊಂದಿಗಿನ ವ್ಯತ್ಯಾಸ ಕೊಡುವ ಡಿಫ್ ಹಾಕಿದರೆ ಮೊದಲನೆಯದನ್ನು ಬಿಟ್ಟು ಪ್ರತಿ ಸಾಲಿನಲ್ಲೂ ಒಂದು ದಿನ ಎಂದೇ ಬರಬೇಕು. ಇಂಡೆಕ್ಸನ್ನು ವಿಂಗಡಿಸುವ ಮೊದಲು ಇದನ್ನು ಮಾಡಿ, ವಿಂಗಡಿಸಿದ ಮೇಲೆ ಸಾಕ್ಷಿ ಅಳಿಸಿಹೋಗುತ್ತದೆ. ಅಂದಹಾಗೆ 864 ಮತ್ತು 1326 ಕೂಡಿದರೆ 2190. ಆ ಆರು ವರ್ಷಗಳಲ್ಲಿ ಇರುವ ದಿನಗಳು 2191. ಒಂದು ದಿನ ಎಲ್ಲೋ ತಪ್ಪಿದೆ, ಅದನ್ನೂ ಡಿಫ್ ತೋರಿಸುತ್ತದೆ.

ಇದೇ ಹಾಳೆಯನ್ನು ಅದೇ ಲ್ಯಾಪ್‌ಟಾಪಿನಲ್ಲಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಹದ ಕಡತ) ಆಗಿ ಉಳಿಸಿದರೆ 5/6/2019 ಎಂಬ ಹೊರಗಿನ ರೂಪವೇ ಬರಹವಾಗಿ ಇಳಿಯುವುದರಿಂದ, ದಿನ ಮೊದಲು ಎಂದು ಓದಿದಾಗ ಆಕಸ್ಮಿಕವಾಗಿ ಸರಿಯಾದ ಜೂನ್ 5 ಸಿಕ್ಕಿಬಿಡುತ್ತದೆ. ಭಾರತದ ಸೆಟ್ಟಿಂಗ್ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಕೆಲಸ ಮಾಡಿದರೆ ಸಿಗುವುದಿಲ್ಲ. ಹಾಗಾಗಿ ಆ ದಾರಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಸಿಎಸ್‌ವಿ ಹಿಡಿಯುವವರು ಇನ್ನೊಂದನ್ನು ನೆನಪಿಡಬೇಕು: 2023ರ ಏಪ್ರಿಲ್‌ನಲ್ಲಿ ಬಂದ ಪಾಂಡಾಸ್ 2.0ಕ್ಕಿಂತ ಹಿಂದಿನ ಆವೃತ್ತಿಗಳು ಫಾರ್ಮ್ಯಾಟ್ ಹೇಳದಿದ್ದರೆ ಪ್ರತಿ ಸೆಲ್ಲನ್ನೂ ಅದರದರ ಪಾಡಿಗೆ ಊಹಿಸಿ ಓದಬಹುದಿತ್ತು. ಅಲ್ಲಿಂದೀಚೆಗೆ ಮೊದಲ ಬೆಲೆಯಿಂದ ಫಾರ್ಮ್ಯಾಟ್ ಊಹಿಸಿ, ಹೊಂದದ ಸೆಲ್ ಸಿಕ್ಕಾಗ ಎರರ್ ಕೊಡುತ್ತದೆ. ಹೊಸ ಆವೃತ್ತಿ ಹಠಮಾರಿ ಎಂದು ದೂರುವವರಿದ್ದಾರೆ. ನನಗಂತೂ ಆ ಹಠವೇ ಒಳ್ಳೆಯದೆನಿಸುತ್ತದೆ.

ಮಳೆಯ ಕಾಲಂ ಬಗ್ಗೆ ಇಂಚು-ಸೆಂಟ್ ಲೆಕ್ಕ ಬಲ್ಲ ತೋಟದವರು ಹೇಳಿದರೆ ಚೆನ್ನ. ಜುಲೈ ಮೊತ್ತ 0 ಬಂದುದಕ್ಕೆ ಕಾರಣವನ್ನು ಮಾತ್ರ ಹೇಳುತ್ತೇನೆ: ಕೊಯರ್ಸ್ ತನಗೆ ಅರ್ಥವಾಗದ ಪ್ರತಿ ಸೆಲ್ಲನ್ನೂ ನ್ಯಾನ್ (ಬೆಲೆಯಿಲ್ಲದ ಖಾಲಿ) ಮಾಡುತ್ತದೆ, ಸಮ್ ಫಂಕ್ಷನ್ ನ್ಯಾನ್‌ಗಳನ್ನು ಬಿಟ್ಟು ಕೂಡುತ್ತದೆ, ಎಲ್ಲವೂ ನ್ಯಾನ್ ಆಗಿದ್ದರೆ 0 ಎನ್ನುತ್ತದೆ. ಮೊತ್ತದ ಪಕ್ಕದಲ್ಲಿ ಆ ತಿಂಗಳಲ್ಲಿ ಎಷ್ಟು ದಿನ ನ್ಯಾನ್ ಇತ್ತೆಂಬ ಕಾಲಂ ಒಂದನ್ನು ಸದಾ ಇಟ್ಟುಕೊಳ್ಳಿ. ಕೊಯರ್ಸ್ ಬಳಸುವ ಮೊದಲು, ಅದು ಯಾವ ಯಾವ ಸೆಲ್ಲುಗಳನ್ನು ನುಂಗಲಿದೆ ಎಂಬ ಪಟ್ಟಿಯನ್ನು ಮುದ್ರಿಸಿಕೊಂಡು ಓದಿ.


ಏಲಕ್ಕಿ ಬೇಲಿ, ಸಕಲೇಶಪುರ

ಫೆಬ್-35 ಎಂಬುದನ್ನು ಓದಿ ನನಗೆ ನಗು ಬಂತು, ಏಕೆಂದರೆ ಮೂರು ವರ್ಷದ ಹಿಂದೆ ನಮ್ಮ ತೋಟದ ಹಾಳೆಯಲ್ಲೂ ಇದೇ ಆಗಿತ್ತು. ನಮ್ಮ ಕಡೆ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆಯುವುದು ರೂಢಿ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಎರಡು ಇಂಚು ಮೂವತ್ತೈದು ಸೆಂಟನ್ನು ರೈಟರು 2-35 ಎಂದು ಬರೆಯುತ್ತಾರೆ. ನಿಮ್ಮಲ್ಲಿ 2019ರವರೆಗೆ ಚುಕ್ಕೆ ಹಾಕಿ ಬರೆಯುತ್ತಿದ್ದವರು ಹೋಗಿ, 2020ರಿಂದ ಅಡ್ಡಗೆರೆ ಹಾಕುವ ರೈಟರು ಬಂದಿರಬೇಕು. ಎಕ್ಸೆಲ್ ಆ ಅಡ್ಡಗೆರೆಯನ್ನು ಕಂಡದ್ದೇ ದಿನಾಂಕವೆಂದು ತಿಳಿದು 2-35 ಅನ್ನು 1935ರ ಫೆಬ್ರವರಿ 1 ಮಾಡಿಬಿಡುತ್ತದೆ. ಆ ಸೆಲ್ಲಿನ ಫಾರ್ಮ್ಯಾಟನ್ನು ಜನರಲ್‌ಗೆ ಬದಲಿಸಿದರೆ 12816 ಎಂದು ಕಾಣುತ್ತದೆ. ನಾನು ಮೊದಲ ಸಲ ಆ ಬೆಪ್ಪುತನ ಮಾಡಿ ಒಂದೇ ದಿನಕ್ಕೆ ಹನ್ನೆರಡು ಸಾವಿರ ಇಂಚು ಮಳೆಯ ಗ್ರಾಫ್ ಬರೆಸಿದ್ದೆ.

ಹೀಗೆ ಕೆಟ್ಟದ್ದನ್ನು ಹಿಂದಕ್ಕೆ ತರಲು ಸಾಧ್ಯವಿದೆ. ಹಾಸನದ ಸರ್ ಹೇಳಿದಂತೆ ಲ್ಯಾಪ್‌ಟಾಪ್ ತಿಂಗಳು ಮೊದಲು ಓದುವುದಾದರೆ, ತಿಂಗಳ ಸಂಖ್ಯೆಯೇ ಇಂಚು. ಸೆಂಟು ಎಲ್ಲಿದೆ ಎಂಬುದನ್ನು ವರ್ಷ ಹೇಳುತ್ತದೆ. ಸೆಂಟು 1ರಿಂದ 28ರೊಳಗಿದ್ದರೆ ಅದು ಆ ತಿಂಗಳ ದಿನವಾಗಿ, ವರ್ಷವು ರೈಟರು ಟೈಪ್ ಮಾಡಿದ ವರ್ಷವೇ ಆಗಿರುತ್ತದೆ; 10-ಜನ್ ಎಂದರೆ ಒಂದು ಇಂಚು ಹತ್ತು ಸೆಂಟು. ದಿನವಾಗಲಾರದಷ್ಟು ದೊಡ್ಡ ಸೆಂಟಾದರೆ ವರ್ಷದ ಕೊನೆಯ ಎರಡು ಅಂಕಿಗಳೇ ಸೆಂಟು. ನಾಲ್ಕು ಇಂಚು ಸರಿಯಾಗಿ 4-00 ಎಂದು ಬರೆದಿದ್ದರೆ 2000ನೇ ಇಸವಿಯ ಏಪ್ರಿಲ್ ಸಿಗುತ್ತದೆ. ಹಾಗಾಗಿ ನಿಯಮ ಇಷ್ಟೇ: ಸೆಲ್ಲು ಡೇಟ್‌ಟೈಮ್ ಆಗಿದ್ದು ವರ್ಷ 2018ರಿಂದ 2024ರೊಳಗಿದ್ದರೆ ದಿನವನ್ನು ಸೆಂಟೆಂದು ತೆಗೆದುಕೊಳ್ಳಿ, ಬೇರೆ ಯಾವ ವರ್ಷವಾದರೂ ಅದನ್ನು ನೂರರಿಂದ ಭಾಗಿಸಿ ಉಳಿದ ಶೇಷವನ್ನು ಸೆಂಟೆಂದು ತೆಗೆದುಕೊಳ್ಳಿ. 0-45, 13-20 ಎಂಬಂಥವು ದಿನಾಂಕವಾಗಲಾರದೆ ಸ್ಟ್ರಿಂಗ್ ಆಗಿಯೇ ಉಳಿದಿರುತ್ತವೆ, ಅಡ್ಡಗೆರೆಯಲ್ಲಿ ಸ್ಪ್ಲಿಟ್ ಮಾಡಿದರೆ ಸಾಕು. ಮೊದಲೇ ಫ್ಲೋಟ್ ಆಗಿರುವವು ಹಳೆಯ ರೈಟರ ಇಂಚುಗಳು, ಅವನ್ನು ಮುಟ್ಟಬೇಡಿ. ಈ ಮೂರನ್ನೂ ಒಂದೇ ಫಂಕ್ಷನ್ನಿನಲ್ಲಿ ಬರೆದು, ಕೊನೆಗೆ 25.4ರಿಂದ ಗುಣಿಸಿ ಮಿಲಿಮೀಟರ್ ಫ್ಲೋಟ್ ಹಿಂತಿರುಗಿಸಿ. 2-35 ಎಂಬುದು 59.69 ಆಗಬೇಕು. ಈ ಮೂರಕ್ಕೂ ಸೇರದ ಸೆಲ್ ಸಿಕ್ಕರೆ ಫಂಕ್ಷನ್ ಎರರ್ ಎಬ್ಬಿಸಲಿ, ಸುಮ್ಮನೆ ನ್ಯಾನ್ ಕೊಡದಿರಲಿ.

ಹೇಗೂ ಬಿಡಿಸಲಾಗದ ಒಂದು ಗಂಟು ಉಳಿಯುತ್ತದೆ. ರೈಟರು 2-5 ಎಂದು ಬರೆದರೆ ಅದು ಐದು ಸೆಂಟೋ ಐವತ್ತು ಸೆಂಟೋ? ಎಕ್ಸೆಲ್‌ಗೆ 2-5 ಮತ್ತು 2-05 ಎರಡೂ ಒಂದೇ, ಫೆಬ್ರವರಿ 5. ದಿನ 1ರಿಂದ 9ರೊಳಗೆ ಬಂದ ಸೆಲ್ಲುಗಳ ಪಟ್ಟಿ ಮಾಡಿಕೊಂಡು ಪುಸ್ತಕದೊಂದಿಗೆ ತಾಳೆ ನೋಡಬೇಕು, ಬೇರೆ ಉಪಾಯವಿಲ್ಲ.

ನಮ್ಮ ತಂದೆಯವರ ಕಾಲದ ಪುಸ್ತಕಗಳಲ್ಲಿ ಕನ್ನಡ ಅಂಕಿಗಳಿವೆ, ಅವನ್ನು ಹಾಗೆಯೇ ಟೈಪ್ ಮಾಡಿಸಿದ್ದೆವು. ಪೈಥಾನಿನ ಇಂಟ್ ಮತ್ತು ಫ್ಲೋಟ್ ಎರಡೂ ೧೨ ಎಂಬುದನ್ನು 12 ಎಂದು ಸರಾಗವಾಗಿ ಓದುತ್ತವೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಆದರೆ ೧೦ ಎಂದು ಬರೆಯಬೇಕಾದ ಕಡೆ ಟೈಪ್ ಮಾಡಿದವರು ಸೊನ್ನೆಯ ಬದಲು ಅನುಸ್ವಾರವನ್ನು ಒತ್ತಿದ್ದರು. ನೋಡಲು ಎರಡೂ ಒಂದೇ ದುಂಡು, ಪೈಥಾನಿಗೆ ಮಾತ್ರ ಒಂದು ಅಂಕಿ, ಇನ್ನೊಂದು ಅಕ್ಷರ. ವ್ಯಾಲ್ಯೂ ಎರರ್ ಬಂದ ಸಾಲನ್ನು ಅರ್ಧ ದಿನ ದಿಟ್ಟಿಸಿದರೂ ನನಗೆ ತಪ್ಪು ಕಂಡಿರಲಿಲ್ಲ.


ಅಂಕಿ ಮನೆ, ಚಿಕ್ಕಮಗಳೂರು

ಆರ್ ಭಾಷೆಯಲ್ಲಿ ಇದೇ ಕೆಲಸ ಮಾಡುವವರಿಗೆ ಒಂದು ಮಾತು. 2020ರಲ್ಲಿ ಬಂದ ಆರ್ 4.0.0ಕ್ಕಿಂತ ಮೊದಲು ರೀಡ್ ಸಿಎಸ್‌ವಿ ಇಂಥ ಬೆರಕೆ ಕಾಲಂ ಅನ್ನು ತಾನಾಗಿಯೇ ಫ್ಯಾಕ್ಟರ್ (ಲೆವೆಲ್‌ಗಳೆಂಬ ವರ್ಗಗಳ ಪಟ್ಟಿ) ಮಾಡುತ್ತಿತ್ತು. ಫ್ಯಾಕ್ಟರನ್ನು ನೇರವಾಗಿ ಆ್ಯಸ್ ನ್ಯೂಮೆರಿಕ್‌ಗೆ ಕೊಟ್ಟರೆ ಮಳೆಯ ಬೆಲೆ ಸಿಗದೆ ಲೆವೆಲ್‌ನ ಕ್ರಮಸಂಖ್ಯೆ ಸಿಗುತ್ತದೆ. ಮೊದಲು ಆ್ಯಸ್ ಕ್ಯಾರೆಕ್ಟರ್ ಮಾಡಲೇಬೇಕು. ಆರ್‌ನ ಟೈಮ್ ಸೀರೀಸ್ ರಚನೆಯಾದ ಟಿಎಸ್ ಆಬ್ಜೆಕ್ಟ್ ನಿಮ್ಮ ದಿನಾಂಕದ ಕಾಲಂ ಅನ್ನು ನೋಡುವುದೇ ಇಲ್ಲ, ಆರಂಭ ಮತ್ತು ಆವರ್ತನ ಹೇಳಿದರೆ ಬೆಲೆಗಳನ್ನು ಸಾಲಾಗಿ ಜೋಡಿಸಿಕೊಂಡು ಹೋಗುತ್ತದೆ, ನಡುವೆ ಒಂದು ದಿನ ಬಿಟ್ಟುಹೋಗಿದ್ದರೆ ಅಲ್ಲಿಂದ ಮುಂದಿನದೆಲ್ಲ ಒಂದು ದಿನ ಜಾರುತ್ತದೆ. ದೈನಂದಿನ ಮಳೆಗೆ ಎಕ್ಸ್‌ಟಿಎಸ್ ಪ್ಯಾಕೇಜ್ ಮೇಲು, ಅದು ಇಂಡೆಕ್ಸಿಗೆ ನಿಜವಾದ ದಿನಾಂಕವನ್ನೇ ಕೇಳುತ್ತದೆ, ಇಲ್ಲದಿದ್ದರೆ ಆಬ್ಜೆಕ್ಟ್ ಕಟ್ಟಲು ಒಪ್ಪುವುದಿಲ್ಲ.


ತೋಟದ ಲೆಕ್ಕ, ಮೂಡಿಗೆರೆ

ಸರ್, ಇಬ್ಬರಿಗೂ ಕೃತಜ್ಞತೆಗಳು. ದಿನಾಂಕಗಳನ್ನು ಎರಡು ಗುಂಪು ಮಾಡಿ ಅದಲುಬದಲು ಮಾಡಿದ ಮೇಲೆ ಡಿಫ್ ಎಲ್ಲ ಸಾಲುಗಳಲ್ಲೂ ಒಂದು ದಿನ ಎಂದು ಬಂತು, ಒಂದು ಸಾಲನ್ನು ಬಿಟ್ಟು. 2020ರ ಫೆಬ್ರವರಿ 28 ಆದ ಮೇಲೆ ನೇರವಾಗಿ ಮಾರ್ಚ್ 1 ಇದೆ. ರೈಟರು ಹಿಂದಿನ ವರ್ಷದ ಸಾಲುಗಳನ್ನು ನಕಲು ಮಾಡಿ ಇಸವಿಯನ್ನು ಮಾತ್ರ ಬದಲಿಸಿದ್ದರಿಂದ ಅಧಿಕ ದಿನಕ್ಕೆ ಸಾಲೇ ಇರಲಿಲ್ಲ. ಪುಸ್ತಕದಲ್ಲಿ ಆ ದಿನ ಸೊನ್ನೆ ಎಂದು ಬರೆದಿದೆ, ಸೇರಿಸಿದೆ, 2191 ಆಯಿತು. ಜನವರಿ 7ರ ಮಳೆ ಜುಲೈ 1ಕ್ಕೆ ವಾಪಸು ಹೋಯಿತು. ಮಳೆಯ ಫಂಕ್ಷನ್ ನಾಲ್ಕು ಬಗೆಯ ಸೆಲ್ಲುಗಳಿಗೆ ಎರರ್ ಕೊಟ್ಟಿತು: ಅಡ್ಡಗೆರೆಯೊಂದೇ ಇರುವವು, ಖಾಲಿ ಬಿಟ್ಟವು, ನಿಲ್ ಎಂದಿರುವವು, ತುಂತುರು ಎಂದಿರುವವು. ನಿಲ್ ಎಂಬುದನ್ನು ಸೊನ್ನೆ ಮಾಡಿದೆ. ಖಾಲಿ ಮತ್ತು ಅಡ್ಡಗೆರೆ ಎಂದರೆ ರೈಟರು ರಜೆಯಲ್ಲಿದ್ದ ದಿನಗಳು, ಅವನ್ನು ನ್ಯಾನ್ ಆಗಿಯೇ ಬಿಟ್ಟೆ. ತುಂತುರಿಗೆ ಏನು ಮಾಡಲಿ?

ಇನ್ನೊಂದು ಪ್ರಶ್ನೆ. ಪಕ್ಕದ ತೋಟದ ಸ್ವಯಂಚಾಲಿತ ಮಳೆಮಾಪಕದ ಹದಿನೈದು ನಿಮಿಷದ ದತ್ತಾಂಶ ಸಿಕ್ಕಿದೆ. ದಿನಾಂಕದ ಮೇಲೆ ಎರಡನ್ನೂ ಮರ್ಜ್ ಮಾಡಹೋದರೆ ಒಂದು ಕಾಲಂನಲ್ಲಿ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಇದೆ, ಇನ್ನೊಂದರಲ್ಲಿ ಇಲ್ಲ ಎಂದು ತಕರಾರು ಮಾಡುತ್ತಿದೆ.


ಪಾಠದ ಮೇಜು, ಹಾಸನ

ತುಂತುರನ್ನು ಮೊತ್ತಕ್ಕಾಗಿ ಸೊನ್ನೆ ಮಾಡಿ, ಆದರೆ ತುಂತುರು ಇತ್ತೇ ಎಂಬ ಹೌದು-ಅಲ್ಲ ಕಾಲಂ ಒಂದನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಿ. ಹೂ ಅರಳುವ ವಾರದಲ್ಲಿ ಅದು ನಿಮಗೆ ಬೇಕಾಗುತ್ತದೆ.

ಮರ್ಜ್ ತಕರಾರಿಗೆ, ಯುಟಿಸಿಯನ್ನು ಕಿತ್ತುಹಾಕಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಎರರ್ ಹೋಗುತ್ತದೆ, ಐದೂವರೆ ಗಂಟೆಯ ವ್ಯತ್ಯಾಸ ಒಳಗೇ ಉಳಿಯುತ್ತದೆ. ನಿಮ್ಮ ರೈಟರು ಎಂಟೂವರೆಗೆ ಅಳೆಯುವುದು ಹಿಂದಿನ 24 ಗಂಟೆಗಳ ಮಳೆಯನ್ನು, ಭಾರತೀಯ ಹವಾಮಾನ ಇಲಾಖೆಯ ದೈನಂದಿನ ಮಳೆ ಲೆಕ್ಕವೂ ಅದೇ 8:30ರದ್ದು. ಆದ್ದರಿಂದ ಯಂತ್ರದ ಕಾಲಂ ಅನ್ನು, ಸಮಯ ವಲಯ ಬದಲಿಸುವ ಟಿಜ಼ೆಡ್ ಕನ್ವರ್ಟ್‌ನಿಂದ ಏಷ್ಯಾ ಕೋಲ್ಕತ್ತಾ ವಲಯಕ್ಕೆ ತಂದು, 24 ಗಂಟೆಗೆ ರಿಸ್ಯಾಂಪಲ್ ಮಾಡುವಾಗ ಆಫ್‌ಸೆಟ್ ಎಂಟೂವರೆ ಗಂಟೆ ಎಂದೂ, ಕ್ಲೋಸ್ಡ್ ಮತ್ತು ಲೇಬಲ್ ಎರಡೂ ರೈಟ್ ಎಂದೂ ಕೊಡಿ. ಆಗ 5ನೆಯ ತಾರೀಖು ಬೆಳಿಗ್ಗೆ ಮುಗಿದ ಮಳೆ 5ರ ಹೆಸರಿನಲ್ಲೇ ಸಿಗುತ್ತದೆ, ನಿಮ್ಮ ಪುಸ್ತಕದಂತೆ. ಅನಂತರ ನಾರ್ಮಲೈಜ಼್ ಮಾಡಿ ಗಂಟೆಯನ್ನು ತೆಗೆದು, ಕಟ್ಟಕಡೆಗೆ ಟಿಜ಼ೆಡ್ ಲೋಕಲೈಜ಼್‌ಗೆ ನನ್ ಕೊಟ್ಟು ವಲಯವನ್ನು ಬಿಡಿಸಿ. ಈ ಕ್ರಮ ತಪ್ಪಬಾರದು. ಯಂತ್ರದ ಬೆಲೆಗಳು ಮಿಲಿಮೀಟರಿನಲ್ಲಿವೆಯೇ ಎಂಬುದನ್ನೂ ಕೇಳಿಕೊಳ್ಳಿ. ಎರಡೂ ಫ್ಲೋಟ್ ಆಗಿದ್ದರೆ ಇಂಚೂ ಮಿಲಿಮೀಟರೂ ಬೆರೆತರೂ ಪಾಂಡಾಸ್ ಚಕಾರ ಎತ್ತುವುದಿಲ್ಲ.


ತೋಟದ ಲೆಕ್ಕ, ಮೂಡಿಗೆರೆ

ಯಂತ್ರದ್ದು ಮಿಲಿಮೀಟರೇ ಸರ್, ಮರ್ಜ್ ಆಯಿತು, ಎರಡು ಗೆರೆಗಳು ಗ್ರಾಫಿನಲ್ಲಿ ಬಹುಮಟ್ಟಿಗೆ ಜೊತೆಯಾಗಿಯೇ ಸಾಗುತ್ತಿವೆ. ಸಕಲೇಶಪುರದ ಸರ್ ಹೇಳಿದ ಒಂದಂಕಿಯ ಸೆಂಟುಗಳ ಪಟ್ಟಿಯನ್ನು ಹಿಡಿದು ರೈಟರ ಜೊತೆ ಕುಳಿತೆ. ತಾನು ಐವತ್ತನ್ನು ಯಾವತ್ತೂ 50 ಎಂದೇ ಬರೆಯುವುದಾಗಿ ಅವರು ಹೇಳಿದರು, ಪುಸ್ತಕವೂ ಹಾಗೆಯೇ ಇದೆ. ಅವರು ಊರಿಗೆ ಹೋಗಿದ್ದಾಗ ಬೇರೆಯವರು ಬರೆದ 2021ರ ಆಗಸ್ಟ್‌ನ ಮೂರು ಸಾಲುಗಳು ಮಾತ್ರ ಐದೋ ಐವತ್ತೋ ತಿಳಿಯದೆ ಉಳಿದಿವೆ. ಯಂತ್ರದ ಗೆರೆಯ ಪಕ್ಕದಲ್ಲಿಟ್ಟು ನೋಡಿದರೆ ಎರಡು ಸಾಲುಗಳು ಐವತ್ತು ಎಂದೇ ತೋರುತ್ತವೆ. ಮೂರನೆಯದನ್ನು ನ್ಯಾನ್ ಮಾಡಿದ್ದೇನೆ. ಹಾಳೆಯಲ್ಲಿ ಇಂಚಿಗೊಂದು, ಸೆಂಟಿಗೊಂದು ಪ್ರತ್ಯೇಕ ಕಾಲಂ ಮಾಡಿಕೊಟ್ಟು, ದಿನಾಂಕದ ಕಾಲಂ ಅನ್ನು ವರ್ಷಪೂರ್ತಿ ಮೊದಲೇ ತುಂಬಿ ಬೀಗ ಹಾಕಿದ್ದೇನೆ.